ಮೇಜನ್ನು ತಿರುಗಿಸಿದ್ದು ಯಾರು?

1853ರ ಬೇಸಿಗೆಯಲ್ಲಿ ಲಂಡನ್ನಿನ ದೊಡ್ಡ ಮನೆಗಳಲ್ಲೆಲ್ಲ ಮೇಜುಗಳು ತಿರುಗತೊಡಗಿದ್ದವು. ಊಟ ಮುಗಿಸಿ ಐದಾರು ಮಂದಿ ದುಂಡುಮೇಜಿನ ಸುತ್ತ ಕೂತು, ಅಂಗೈ ಊರಿ ಕಾಯುವರು. ಸ್ವಲ್ಪ ಹೊತ್ತಿಗೆ ಮೇಜು ಕದಲುವುದು, ವಾಲುವುದು, ಕೋಣೆಯಲ್ಲಿ ಸುತ್ತುವುದು. ಸತ್ತವರ ಆತ್ಮ ಎಂದರು ಕೆಲವರು. ವಿದ್ಯುತ್ತು, ಕಾಂತಶಕ್ತಿ ಎಂದರು ಇನ್ನು ಕೆಲವರು. ವಿದ್ಯುತ್ತು, ಕಾಂತ ಎಂದ ಮೇಲೆ ಮೈಕೆಲ್ ಫ್ಯಾರಡೆಯನ್ನೇ ಕೇಳಬೇಕಲ್ಲವೆ? ಕೇಳಿದರು.

ಭೌತಶಾಸ್ತ್ರದ ಮೇಷ್ಟ್ರಾಗಿ ಫ್ಯಾರಡೆಯ ನಿಯಮಗಳನ್ನು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಆದರೆ ಆತನ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿಸಿದ್ದು ಈ ಮೇಜಿನ ಪ್ರಯೋಗ. ಆತ ನಗಲಿಲ್ಲ, ಬೈಯಲಿಲ್ಲ. ಪ್ರಾಮಾಣಿಕರೆಂದು ತನಗೆ ನಂಬಿಕೆಯಿದ್ದ, ಮೇಜು ತಿರುಗಿಸುವುದರಲ್ಲಿ ಪಳಗಿದವರನ್ನೇ ಕೂರಿಸಿಕೊಂಡ. ಮೊದಲು ಮರಳುಕಾಗದ, ಗಾಜು, ಒದ್ದೆ ಜೇಡಿಮಣ್ಣು, ರಟ್ಟು ಎಲ್ಲವನ್ನೂ ಅವರ ಅಂಗೈ ಕೆಳಗಿಟ್ಟು ನೋಡಿದ. ಮೇಜು ತಿರುಗಿತು. ಹಾಗಾಗಿ ‘ನಿಮ್ಮ ಉಪಕರಣವೇ ಶಕ್ತಿಯನ್ನು ತಡೆಯಿತು’ ಎಂದು ಆಮೇಲೆ ಯಾರೂ ಹೇಳುವಂತಿರಲಿಲ್ಲ. ಎಂಥ ಎಚ್ಚರ!

ನಂತರ ನುಣುಪಾದ ರಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಮೇಣ, ಟರ್ಪೆಂಟೈನ್ ಬೆರೆಸಿದ ಮೆತ್ತನೆಯ ಅಂಟಿನ ಉಂಡೆಗಳನ್ನಿಟ್ಟ. ತಳದ ರಟ್ಟು ಮೇಜಿಗೆ ಕಚ್ಚಿಕೊಂಡಿತ್ತು, ಕೈಗಳು ಮೇಲಿನ ರಟ್ಟಿನ ಮೇಲಿದ್ದವು. ಮೇಜು ತಾನಾಗಿ ಎಡಕ್ಕೆ ಹೊರಟರೆ ಮೇಲಿನ ರಟ್ಟು ಹಿಂದೆ ಉಳಿಯಬೇಕು. ಕೈ ತಳ್ಳಿದರೆ ಅದೇ ಮುಂದೆ ಹೋಗಬೇಕು. ಮೇಜು ತಿರುಗಿದ ಮೇಲೆ ಮೊದಲೇ ಹಾಕಿಟ್ಟಿದ್ದ ಪೆನ್ಸಿಲ್ ಗುರುತು ನೋಡಿದರೆ, ಮೇಲಿನ ರಟ್ಟೇ ಎಲ್ಲಕ್ಕಿಂತ ದೂರ ಸರಿದಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಕೂತವರನ್ನು ಮೋಸಗಾರರೆಂದು ಕರೆದಂತಾಗುತ್ತಿತ್ತು. ಫ್ಯಾರಡೆ ಎರಡು ಹಲಗೆಗಳ ನಡುವೆ ಗಾಜಿನ ಕಡ್ಡಿಗಳನ್ನಿಟ್ಟು, ಕೈ ಕೊಂಚ ಓರೆಯಾಗಿ ಒತ್ತಿದರೂ ವಾಲುವ ಹುಲ್ಲುಕಡ್ಡಿಯ ಸೂಚಿಯೊಂದನ್ನು ಜೋಡಿಸಿದ. ಸೂಚಿ ಮರೆಯಲ್ಲಿದ್ದಾಗ ವಾಲುತ್ತಿತ್ತು. ಅದನ್ನು ಕೂತವರ ಕಣ್ಣೆದುರಿಗೆ ಇಟ್ಟೊಡನೆ ಎಲ್ಲ ನಿಂತುಹೋಯಿತು. ನೇರ ಕೆಳಕ್ಕೆ ಒತ್ತುತ್ತಿದ್ದೇವೆಂದೇ ಅವರು ತಿಳಿದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ನಿರೀಕ್ಷೆಯೇ ನಮಗರಿವಿಲ್ಲದೆ ಸ್ನಾಯುಗಳನ್ನು ಕದಲಿಸಬಲ್ಲದು ಎಂದು ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು.

ಹಾಸ್ಟೆಲ್ಲುಗಳಲ್ಲಿ ಮಕ್ಕಳು ಅಕ್ಷರದ ಹಾಳೆಯ ಮೇಲೆ ನಾಣ್ಯವಿಟ್ಟು, ಅದಕ್ಕೆ ಬೆರಳೂರಿ, ಆತ್ಮ ಕರೆಯುವ ಪ್ಲಾಂಚೆಟ್ ಆಡುವಾಗ ನಾಣ್ಯ ಅಕ್ಷರದಿಂದ ಅಕ್ಷರಕ್ಕೆ ಜಾರುವುದೂ ಹೀಗೆಯೇ. ಹೆದರಿ ಬಂದ ಹುಡುಗಿಯನ್ನು ‘ನೀನೇ ತಳ್ಳಿದ್ದು’ ಎಂದು ದಯವಿಟ್ಟು ಗದರಬೇಡಿ. ಆಡುವವರೆಲ್ಲರ ಕಣ್ಣಿಗೆ ಬಟ್ಟೆ ಕಟ್ಟಿ, ಅಕ್ಷರದ ಹಾಳೆಯನ್ನು ಸದ್ದಿಲ್ಲದೆ ತಿರುಗಿಸಿಟ್ಟು ಆಡಿಸಿ. ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಅದನ್ನು ಅವಳೇ ಓದಲಿ.

ಫ್ಯಾರಡೆಯ ಪತ್ರ ಜೂನ್ 30ರ ‘ದಿ ಟೈಮ್ಸ್’ನಲ್ಲಿ ಅಚ್ಚಾಯಿತು. ಮೇಜುಗಳು ಮಾತ್ರ ನಿಲ್ಲಲಿಲ್ಲ. ‘ವಿಜ್ಞಾನಿಗಳೆಲ್ಲ ಸೇರಿ ಬೇಕೆಂದೇ ಮುಚ್ಚಿಡುತ್ತಾರೆ’ ಎಂಬ ಮಾತನ್ನು ಇಂದಿಗೂ ಕೇಳುತ್ತೇನೆ. ಪರೀಕ್ಷಿಸದೆಯೇ ಅಸಾಧ್ಯವೆಂದು ಕೈಕೊಡವುವ ವಿಜ್ಞಾನಿ ಆ ಪಿತೂರಿಯ ಕತೆಗೆ ಬಲ ತುಂಬುತ್ತಾನೆ ಎಂಬುದು ನನ್ನ ಆತಂಕ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರೂ ಭೌತಶಾಸ್ತ್ರದವರೇ. ಅವರು ಕೇಳಿದ್ದೂ ಪರೀಕ್ಷೆಯನ್ನೇ.

ಮೇಜಿನ ಪ್ರಯೋಗದ ಮರುವರ್ಷ, 1854ರ ಮೇ ತಿಂಗಳಲ್ಲಿ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರಾಜಕುಮಾರ ಆಲ್ಬರ್ಟರ ಸಮ್ಮುಖದಲ್ಲಿ ಫ್ಯಾರಡೆ ಮನಸ್ಸಿನ ಶಿಕ್ಷಣದ ಬಗ್ಗೆ ಉಪನ್ಯಾಸ ಕೊಟ್ಟ. ನಿಜವಾಗಲಿ ಎಂದು ನಾವು ಬಯಸುವ ಸಂಗತಿಯ ವಿಷಯದಲ್ಲೇ ನಮ್ಮನ್ನು ನಾವು ಹೆಚ್ಚು ವಂಚಿಸಿಕೊಳ್ಳುತ್ತೇವೆ ಎಂದು ಅಲ್ಲಿ ಎಚ್ಚರಿಸಿದ. ಆ ‘ನಾವು’ ಎಂಬುದರಲ್ಲಿ ತನ್ನನ್ನೂ ಸೇರಿಸಿಕೊಂಡೇ ಮಾತಾಡಿದ.