ಆಟದೊಳಗೊಂದು ಪುಟ್ಟ ಭಾಷೆ

ಮಕ್ಕಳು ಸದಾ ಕಂಪ್ಯೂಟರ್ ಆಟದಲ್ಲೇ ಮುಳುಗಿರುತ್ತಾರೆಂಬುದು ಅನೇಕ ಪೋಷಕರ ದೂರು. ಆದರೆ ಆಡುವವರೇ ಆಟವನ್ನು ತಿದ್ದತೊಡಗಿದರೆ? ಆಗ ಆಟವೇ ಪಾಠವಾಗುತ್ತದೆ.

ದೊಡ್ಡ ಆಟಗಳ ಎಂಜಿನ್ ಸಾಮಾನ್ಯವಾಗಿ ಸಿ++ ಭಾಷೆಯಲ್ಲಿರುತ್ತದೆ. ಅದು ವೇಗದ ಭಾಷೆ ನಿಜ. ಆದರೆ ಒಂದು ಸಾಲು ಬದಲಿಸಿದರೂ ಮತ್ತೆ ಯಂತ್ರಭಾಷೆಗೆ ಪರಿವರ್ತಿಸಬೇಕು. ಆದ್ದರಿಂದ ಪಾತ್ರಗಳ ನಡೆ, ಆಟದ ನಿಯಮಗಳನ್ನು ಎಂಜಿನ್ನಿನೊಳಗೆ ಅಡಕವಾದ ಪುಟ್ಟ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುತ್ತಾರೆ. ರಂಗಮಂದಿರ ಕೆಡವದೆ ನಾಟಕದ ಮಾತು ಬದಲಿಸಿದಂತೆ!

ಇಂಥದೊಂದು ಭಾಷೆ ಲುವಾ. ಇದು 1993ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಎಂದರೆ ಚಂದ್ರ. 1998ರ ‘ಗ್ರಿಮ್ ಫ್ಯಾಂಡಾಂಗೊ’ ಆಟದಲ್ಲಿ ಇದು ಬಳಕೆಯಾಯಿತು.

ಉಚಿತವಾಗಿ ಸಿಗುವ ‘ಲುವಾಂಟಿ’ಯಲ್ಲಿ ವಿದ್ಯಾರ್ಥಿಗಳೇ ಪ್ರಯೋಗ ಮಾಡಬಹುದು. ಗುರುತ್ವದ ಅಂಕಿಯನ್ನು 1ರಿಂದ 0.17ಕ್ಕೆ ಇಳಿಸಿದರೆ ಆಟಗಾರ ಚಂದ್ರನ ಮೇಲಿದ್ದಂತೆ ಸುಮಾರು ಆರು ಪಟ್ಟು ಎತ್ತರಕ್ಕೆ ನೆಗೆಯುತ್ತಾನೆ. ಆರೇ ಪಟ್ಟು ಏಕೆ? ಉತ್ತರ ಭೌತಶಾಸ್ತ್ರದ ಪುಸ್ತಕದಲ್ಲಿದೆ. ಬರೆದದ್ದು ತಪ್ಪಾದರೂ ಭಯವಿಲ್ಲ. ಯಾವ ಸಾಲಿನಲ್ಲಿ ದೋಷವೆಂದು ಕಂಪ್ಯೂಟರೇ ತಿಳಿಸುತ್ತದೆ. ತಿದ್ದಿ, ಆಟವನ್ನು ಮತ್ತೆ ತೆರೆದರಾಯಿತು.

ಪೋಷಕರೇ, ಇನ್ನೊಮ್ಮೆ “ಆಟ ಸಾಕು” ಎಂದು ಗದರುವ ಮುನ್ನ, “ಇದರಲ್ಲಿ ನೀನೇನು ಬದಲಿಸಿದೆ?” ಎಂದು ಕೇಳಿ ನೋಡಿ.