ಕುರಿಗಾಹಿಯ ಕರೆ, ಕನ್ಯೆಯ ಮರುನುಡಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಪರಿಚಿತವಾದುದು. ಪಟ್ಟಣದಲ್ಲಿ ಬಾಳುವವನಿಗೆ ಹಳ್ಳಿಯೂ ಅರಮನೆಯಲ್ಲಿರುವವನಿಗೆ ಕುರಿಹಟ್ಟಿಯೂ ಇಂತಹ ದೂರದ ಬೆಟ್ಟಗಳೇ. ಈ ದೂರದ ನೋಟದಿಂದ ಯೂರೋಪಿನ ಸಾಹಿತ್ಯದಲ್ಲಿ ಒಂದು ಕಾವ್ಯಪ್ರಕಾರವೇ ಬೆಳೆಯಿತು. ದನಕುರಿಗಳನ್ನು ಕಾಯುವವರ ಹಾಡು, ಒಲವು, ವಿರಹಗಳನ್ನು ವರ್ಣಿಸುವ ಇದನ್ನು ಗೋಪಗೀತೆ ಎಂದು ಕರೆಯಬಹುದು. ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ಕವಿ ಥಿಯೋಕ್ರಿಟಸನು ಇದಕ್ಕೆ ನಾಂದಿ ಹಾಡಿದನು. ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ರೋಮಿನ ಕವಿ ವರ್ಜಿಲನು ಹತ್ತು ಗೋಪಗೀತೆಗಳನ್ನು ರಚಿಸಿ ಅದನ್ನು ಮುಂದುವರಿಸಿದನು.

ಈ ಪರಂಪರೆ ಇಂಗ್ಲೆಂಡಿಗೆ ಬಂದಾಗ ಅಲ್ಲಿ ಒಂದು ಸ್ವಾರಸ್ಯಕರವಾದ ಸಂವಾದ ನಡೆಯಿತು. ನಾಟಕಕಾರನೆಂದು ಹೆಸರಾದ ಕ್ರಿಸ್ಟೋಫರ್ ಮಾರ್ಲೋ ಕುರಿಗಾಹಿಯೊಬ್ಬನು ತನ್ನ ನಲ್ಲೆಯನ್ನು ಕರೆಯುವ ಕವಿತೆಯನ್ನು ಬರೆದನು. ಅದಕ್ಕೆ ಆ ಕನ್ಯೆ ಕೊಡುವ ಉತ್ತರವೂ ಕವಿತೆಯಾಗಿ ಹುಟ್ಟಿತು. ಅದರ ಕರ್ತೃ ರಾಣಿ ಎಲಿಜಬೆತಳ ಆಸ್ಥಾನಿಕನೂ ನಾವಿಕನೂ ಆಗಿದ್ದ ವಾಲ್ಟರ್ ರ‍್ಯಾಲಿ ಎಂದು ಪ್ರತೀತಿಯಿದೆ. ಇವೆರಡೂ 1600ರಲ್ಲಿ ಒಂದೇ ಸಂಕಲನದಲ್ಲಿ ಅಚ್ಚಾದವು.

ಮಾರ್ಲೋವಿನ ಕುರಿಗಾಹಿ ಕೊಡುವ ಭರವಸೆಗಳಿಗೆ ಮಿತಿಯಿಲ್ಲ. ತೊರೆಯ ದಡದಲ್ಲಿ ಕುಳಿತು ಹಕ್ಕಿಗಳ ಗಾನವನ್ನು ಕೇಳೋಣ ಎನ್ನುತ್ತಾನೆ. ಗುಲಾಬಿಯ ಹಾಸಿಗೆ, ಹೂವಿನ ಟೊಪ್ಪಿಗೆ, ಎಳೆಗುರಿಯ ತುಪ್ಪಟದ ನಿಲುವಂಗಿ, ಚಿನ್ನದ ಕೊಂಡಿಯ ಪಾದರಕ್ಷೆ, ಹವಳದಿಂದ ಅಲಂಕರಿಸಿದ ನಡುಕಟ್ಟು, ಇವೆಲ್ಲವನ್ನೂ ಕೊಡುವೆನೆನ್ನುತ್ತಾನೆ. ಅವನ ಲೋಕದಲ್ಲಿ ಸದಾ ವಸಂತ. ಅಲ್ಲಿ ಮಳೆಯಿಲ್ಲ, ದುಡಿಮೆಯ ದಣಿವಿಲ್ಲ. ಆದರೆ ಹಟ್ಟಿಯಲ್ಲಿ ಬಾಳುವವನಿಗೆ ಚಿನ್ನವೂ ಹವಳವೂ ಎಲ್ಲಿಂದ ಬಂದವು? ಕುರಿಗಾಹಿಯ ವೇಷದೊಳಗೆ ಮಾತನಾಡುತ್ತಿರುವವನು ನಗರದ ಕವಿ ಎಂಬುದು ಇದರಿಂದಲೇ ವ್ಯಕ್ತವಾಗುತ್ತದೆ. ಪ್ರೀತಿಸುವವನಿಗೆ ಲೋಕವು ಹೇಗೆ ಕಾಣುತ್ತದೆಯೋ ಹಾಗೆ ಚಿತ್ರಿಸುವುದು ಅವನ ಉದ್ದೇಶ. ಇದು ಆದರ್ಶದ ದೃಷ್ಟಿ.

ಕನ್ಯೆಯ ಉತ್ತರ ಅದೇ ಛಂದಸ್ಸಿನಲ್ಲಿ, ಅಷ್ಟೇ ಪದ್ಯಗಳಲ್ಲಿ ಸಾಗುತ್ತದೆ. ಆತನು ಹೇಳಿದ ಒಂದೊಂದು ವಸ್ತುವನ್ನೂ ಅವಳು ಕೈಗೆತ್ತಿಕೊಂಡು ಕಾಲದ ಒರೆಗಲ್ಲಿಗೆ ಹಚ್ಚುತ್ತಾಳೆ. ಚಳಿಗಾಲ ಬಂದರೆ ಮಂದೆ ಬಯಲನ್ನು ಬಿಟ್ಟು ದೊಡ್ಡಿಗೆ ಸೇರಬೇಕು. ತೊರೆ ಉಕ್ಕುತ್ತದೆ, ಬಂಡೆ ತಣ್ಣಗಾಗುತ್ತದೆ, ಹಾಡುವ ಹಕ್ಕಿ ಮೂಕವಾಗುತ್ತದೆ. ಹೂ ಬಾಡುತ್ತದೆ, ಉಡುಗೆ ಹರಿಯುತ್ತದೆ, ಪಾದರಕ್ಷೆ ಸವೆಯುತ್ತದೆ. ನಾಲಗೆಯಲ್ಲಿ ಜೇನಿದ್ದವನ ಹೃದಯದಲ್ಲಿ ಕಹಿ ಇರಬಾರದೆಂದೇನೂ ಇಲ್ಲ. ಭರವಸೆ ಕೊಡುವುದು ಅವನ ಕೆಲಸವಾದರೆ, ಅದನ್ನು ನಂಬಿ ಮನೆಮಠಗಳನ್ನು ಬಿಟ್ಟು ಹೊರಡಬೇಕಾದವಳು ಅವಳು. ಆದುದರಿಂದ ಅವಳ ವಿವೇಕವನ್ನು ಕಠೋರತೆ ಎನ್ನಲಾಗದು. ಇದು ವಾಸ್ತವದ ದೃಷ್ಟಿ.

ಆದರೂ ಕನ್ಯೆ ಪ್ರೇಮವನ್ನು ಧಿಕ್ಕರಿಸುವುದಿಲ್ಲವೆಂಬುದು ಗಮನಾರ್ಹ. ಯೌವನ ಉಳಿಯುವುದಾದರೆ, ಸಂತೋಷಕ್ಕೆ ಕೊನೆಯಿಲ್ಲದಿದ್ದರೆ ತಾನೂ ಬರುತ್ತಿದ್ದೆನೆಂದು ಕೊನೆಯಲ್ಲಿ ನುಡಿಯುತ್ತಾಳೆ. ಆ ಕನಸು ಅವಳಿಗೂ ಇಷ್ಟವೇ. ಅದು ನಿಲ್ಲುವುದಿಲ್ಲವೆಂಬುದೇ ಅವಳ ವ್ಯಥೆ. ವಾಸ್ತವದ ಒಡಲಲ್ಲಿಯೂ ಆದರ್ಶದ ಹಂಬಲ ಇರುತ್ತದೆಂಬುದಕ್ಕೆ ಇದು ಸಾಕ್ಷಿ.

ಕನ್ಯೆ ನೆನಪಿಸಿದ ವಾಸ್ತವ ಕಾಲದ್ದು. ಬಡತನದ ವಾಸ್ತವ ಅವಳ ಉತ್ತರದಲ್ಲಿಯೂ ಇಲ್ಲ. ಅದನ್ನು ಎತ್ತಿ ಹೇಳಿದವನು ಜಾರ್ಜ್ ಕ್ರ್ಯಾಬ್ ಎಂಬ ಕವಿ. 1783ರಲ್ಲಿ ಪ್ರಕಟವಾದ ತನ್ನ ‘ಹಳ್ಳಿ’ ಎಂಬ ಕಾವ್ಯದಲ್ಲಿ ಅವನು, ಗೋಪಗೀತೆಗಳ ಸೊಬಗು ಹಳ್ಳಿಗರ ಬೆವರನ್ನೂ ಮುಪ್ಪಿನ ದೈನ್ಯವನ್ನೂ ಮರೆಮಾಡಿದೆಯೆಂದು ಆಕ್ಷೇಪಿಸಿದನು.

ಹಾಗಾದರೆ ಗೆದ್ದವರಾರು? ಐಸಾಕ್ ವಾಲ್ಟನ್ನನು 1653ರಲ್ಲಿ ಪ್ರಕಟಿಸಿದ, ಮೀನು ಹಿಡಿಯುವ ಕಲೆಯನ್ನು ಕುರಿತ ಪುಸ್ತಕದಲ್ಲಿ ಒಂದು ಮನೋಹರ ಸನ್ನಿವೇಶವಿದೆ. ಹಾಲು ಕರೆಯುವ ಹುಡುಗಿಯೊಬ್ಬಳು ಮಾರ್ಲೋವಿನ ಹಾಡನ್ನು ಹಾಡುತ್ತಾಳೆ; ಅವಳ ತಾಯಿ ರ‍್ಯಾಲಿಯದೆಂದು ಹೇಳುವ ಉತ್ತರವನ್ನು ಹಾಡುತ್ತಾಳೆ. ಮಗಳ ವಯಸ್ಸಿಗೆ ಆ ಹಾಡು ಸಹಜ. ತಾಯಿಯ ಅನುಭವಕ್ಕೆ ಈ ಹಾಡು ಸಹಜ. ಒಂದೇ ಮನೆಯಲ್ಲಿ ಎರಡಕ್ಕೂ ಎಡೆಯಿದೆ.

ಮಾರ್ಲೋ 1593ರಲ್ಲಿ, 29ನೆಯ ವಯಸ್ಸಿನಲ್ಲಿಯೇ, ಜಗಳವೊಂದರಲ್ಲಿ ಇರಿತಕ್ಕೆ ಸಿಕ್ಕಿ ಮಡಿದನು. ಅವನ ಕವಿತೆ ಅಚ್ಚಾಗುವ ವೇಳೆಗೆ ಅವನಿರಲಿಲ್ಲ. ಕಾಲವನ್ನು ಕುರಿತು ಕನ್ಯೆ ಆಡಿದ ಮಾತು ಅವನ ಬಾಳಿನಲ್ಲಿ ನಿಜವಾಯಿತು. ಆದರೆ ಅವನ ಕುರಿಗಾಹಿಯ ಕರೆ ನಾಲ್ಕು ಶತಮಾನಗಳ ಅನಂತರವೂ ಕೇಳುತ್ತಿದೆ. ಅದರ ಜೊತೆಗೆ ಕನ್ಯೆಯ ಮರುನುಡಿಯೂ ಕೇಳುತ್ತಿದೆ. ಮೊದಲನೆಯದನ್ನು ಕೇಳಿ ಆನಂದಿಸುವುದು ರಸಿಕತೆ. ಎರಡನೆಯದನ್ನು ಕೇಳಿದ ಮೇಲೆಯೇ ನಿರ್ಧರಿಸುವುದು ವಿವೇಕ.