‘ಗಂಡು ಹುಡುಗ, ಅವನಿಗೇನಾಗುತ್ತದೆ?’

ಬೇಸಿಗೆ ರಜೆ ಬಂತೆಂದರೆ ಕಾರವಾರ, ಅಂಕೋಲೆಯ ಅನೇಕ ಮನೆಗಳಲ್ಲಿ ಎರಡು ಕಾನೂನು. ಹುಡುಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಅವಳ ತಮ್ಮ ಬಂಡಿಹಬ್ಬಕ್ಕೋ ಯಕ್ಷಗಾನಕ್ಕೋ ಯಾರ ಜೊತೆಗಾದರೂ ಹೋಗಿ, ಯಾರ ಮನೆಯಲ್ಲಾದರೂ ಮಲಗಿ ಬೆಳಿಗ್ಗೆ ಬರಬಹುದು. ‘ಗಂಡು ಹುಡುಗ, ಅವನಿಗೇನಾಗುತ್ತದೆ?’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ಪ್ರಾಯಶಃ ಆಡಿಯೂ ಇರುತ್ತೀರಿ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಶೇ. 53ರಷ್ಟು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. (ಅಶ್ಲೀಲ ಚಿತ್ರ ತೋರಿಸುವುದೂ ಇದರಲ್ಲಿ ಸೇರಿತ್ತೆನ್ನಿ.) ಆ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಹುಡುಗರೇ.

ಆದರೂ ಹುಡುಗರ ವಿಷಯದಲ್ಲಿ ಈ ಸಂಶಯ ನಮಗೆ ಹೊಳೆಯುವುದೇ ಇಲ್ಲ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಹತ್ತು ವರ್ಷದ ಹುಡುಗನಲ್ಲಿ ಮರುಕಳಿಸಿದರೆ ಜಂತುಹುಳುವಿನ ಮಾತ್ರೆ ಕೊಡುತ್ತೇವೆ. ಟ್ಯೂಷನ್ನಿಗೆ ಹೋಗಲೊಲ್ಲೆನೆಂದರೆ ಎರಡು ಏಟು. ಕಾರಣ ತಿಳಿಯದ ಹೊಟ್ಟೆನೋವು, ಚಡ್ಡಿಯಲ್ಲೇ ಮಲ ಹೋಗುವುದು, ಏಕಾಏಕಿ ಸಿಟ್ಟು - ಇವುಗಳಿಗೆ ಬೇರೆ ಕಾರಣಗಳೂ ಇರಬಹುದು, ನಿಜ. ಆದರೆ ಹುಡುಗಿಯಾಗಿದ್ದರೆ ಕೇಳುತ್ತಿದ್ದ ಪ್ರಶ್ನೆಯನ್ನು ಇವನಿಗೂ ಕೇಳಬೇಡವೇ? ಇನ್ನೊಂದು ಮಾತು. ಸ್ಪರ್ಶಕ್ಕೆ ಶರೀರ ತಾನಾಗಿ ಸ್ಪಂದಿಸಿದ್ದರೆ ಹುಡುಗ ‘ತಪ್ಪು ನನ್ನದೇ’ ಎಂದುಕೊಂಡು ಬಾಯಿ ಮುಚ್ಚುತ್ತಾನೆ. ಅದು ನರಗಳ ಪ್ರತಿಕ್ರಿಯೆ ಮಾತ್ರ, ಒಪ್ಪಿಗೆಯಲ್ಲ. ಇದನ್ನು ಅವನಿಗೆ ಬಿಡಿಸಿ ಹೇಳಬೇಕು.

‘ಹೆಂಗಸು ತಾನೆ, ಮಗುವಿಗೆ ಭಯವಿಲ್ಲ’ ಎಂಬ ಲೆಕ್ಕಾಚಾರವೂ ಇಷ್ಟೇ ದುರ್ಬಲ. ಕಿರುಕುಳ ನೀಡುವವರಲ್ಲಿ ಗಂಡಸರೇ ಹೆಚ್ಚು. ಹೆಂಗಸರು ಇಲ್ಲವೇ ಇಲ್ಲವೆಂದಲ್ಲ. 2012ರ ಪೋಕ್ಸೊ ಕಾಯ್ದೆ ಮಗು ಗಂಡೋ ಹೆಣ್ಣೋ ಎಂದು ಭೇದ ಮಾಡುವುದಿಲ್ಲ. ಅದು ಮಹಿಳಾ ಆರೋಪಿಗೂ ಅನ್ವಯವಾಗುತ್ತದೆಂದು 2025ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು; ಬಾಲಕನೊಬ್ಬನ ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು.

ಹಾಗೆಂದು ಮಾವ, ಚಿಕ್ಕಪ್ಪ, ಮಾಸ್ತರರನ್ನೆಲ್ಲ ಅನುಮಾನಿಸುತ್ತ ಕೂರಬೇಕಿಲ್ಲ. ಗಮನಿಸಬೇಕಾದದ್ದು ನಡತೆಯನ್ನು. ಮಗುವನ್ನು ಪದೇಪದೇ ಒಂಟಿಯಾಗಿ ಕರೆದೊಯ್ಯುವವರು ಯಾರು? ನಿಮಗೆ ಹೇಳದೆ ಉಡುಗೊರೆ ಕೊಡುವವರು, ‘ಆಯಿಗೆ ಹೇಳಬೇಡ’ ಎನ್ನುವವರು, ಬೇಡವೆಂದರೂ ಮೈಮುಟ್ಟಿ ಆಡಿಸುವವರು ಯಾರು? ಅವರು ಸೀರೆ ಉಟ್ಟಿರಲಿ, ಪ್ಯಾಂಟು ತೊಟ್ಟಿರಲಿ.

ಮಗು ಹೇಳಿದರೆ ನಂಬಿ, ಪೊಲೀಸರ ಹಾಗೆ ಪ್ರಶ್ನೆ ಕೇಳಬೇಡಿ. ತಕ್ಷಣದ ಘಟನೆಯಾದರೆ ಸ್ನಾನ ಮಾಡಿಸದೆ, ಬಟ್ಟೆ ತೊಳೆಯದೆ ಆಸ್ಪತ್ರೆಗೆ ಕರೆತನ್ನಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಆರಂಭಿಸಬೇಕು. ಚಿಕಿತ್ಸೆಗೆ ಪೊಲೀಸ್ ದೂರಿನ ಪ್ರತಿ ಬೇಕಿಲ್ಲ. ಆದರೆ ವಿಷಯ ತಿಳಿದವರು, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕೆಂದು ಕಾನೂನಿದೆ. ಹುಡುಗನಿಗೆ ಅಂಥ ನಿಯಮವಿಲ್ಲ. ಯಾರು ನೋಡಿದರೆ ಅವನಿಗೆ ಸಂಕೋಚವಾಗದೆಂದು ಅವನನ್ನೇ ಕೇಳಿ, ಡಾಕ್ಟರರಿಗೆ ಮೊದಲೇ ತಿಳಿಸಿ.